ಜೀವಕೋಶದ ಊಟವೂ ಔಷಧದ ಭಾಗವೇ

ಮಾನ್ಯ ಸಂಪಾದಕರೇ,

ಜೈವಿಕ ಔಷಧಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಬಂದ ಲೇಖನದಲ್ಲಿ, ಜೀವಕೋಶಕ್ಕೆ ಬೇಕಾದ ಜೀನ್ ಸೇರಿಸಿ ಪೋಷಕ ದ್ರಾವಣದಲ್ಲಿ ಬೆಳೆಸಿದರೆ ಔಷಧ ಸಿದ್ಧ ಎಂಬ ಅರ್ಥದ ಸಾಲೊಂದಿತ್ತು. ಹದಿನಾರು ವರ್ಷಗಳಿಂದ ನಾವು ‘ಮೀಡಿಯಾ’ ಎನ್ನುವ ಆ ದ್ರಾವಣವನ್ನೇ ಕಲಸುತ್ತಿರುವ ನನಗೆ, ಆ ಸಾಲಿನಲ್ಲಿ ಕಾರ್ಖಾನೆಯ ಅರ್ಧ ಕೆಲಸವೇ ಮರೆಯಾಯಿತಲ್ಲ ಎನಿಸಿತು.

ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್‌ನಂಥ ಪ್ರೋಟೀನುಗಳು ತಯಾರಾಗುವುದು, ಅಮೆರಿಕದ ಥಿಯೋಡೋರ್ ಪಕ್ 1957ರಲ್ಲಿ ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಬೇರ್ಪಡಿಸಿದ ಕೋಶಗಳ ಸಂತತಿಯಲ್ಲಿ. ಸುಮಾರು ಎರಡು ವಾರ ಬಯೋರಿಯಾಕ್ಟರ್ ಎಂಬ ಕೋಶ ಬೆಳೆಸುವ ತೊಟ್ಟಿಯಲ್ಲಿರುವ ಈ ಕೋಶಗಳಿಗೆ ಮೊದಲ ದಿನದ ಊಟ ಸಾಲದು. ಮೂರನೆಯ ದಿನದ ಹೊತ್ತಿಗೆ ನಾವು ಗ್ಲೂಕೋಸ್, ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲ, ವಿಟಮಿನ್, ಲೋಹದ ಲವಣಗಳಿರುವ ‘ಫೀಡ್’ ಕೊಡಲು ತೊಡಗುತ್ತೇವೆ. ಅಮೈನೋ ಆಮ್ಲಗಳಲ್ಲೊಂದಾದ ಗ್ಲುಟಮಿನ್ ಹೆಚ್ಚಾದರೆ ಅಮೋನಿಯಾ ಶೇಖರವಾಗಿ, ಪ್ರೋಟೀನಿಗೆ ಅಂಟಿಕೊಳ್ಳುವ ಸಕ್ಕರೆಯ ಸರಪಳಿ ಬದಲಾಗುತ್ತದೆ. ಲೀಟರಿಗೆ ಮಿಲಿಗ್ರಾಮಿನ ಲೆಕ್ಕಕ್ಕೂ ಸಿಗದಷ್ಟು ಬೇಕಾಗುವ ಮ್ಯಾಂಗನೀಸ್ ಏರುಪೇರಾದರೂ ಅಷ್ಟೇ.

ಎಲ್ಲಕ್ಕಿಂತ ಹಟಮಾರಿ ಟೈರೋಸಿನ್ ಎಂಬ ಅಮೈನೋ ಆಮ್ಲ. ತಟಸ್ಥ ನೀರಿನಲ್ಲಿ ಅದು ಎಷ್ಟು ಕಲಕಿದರೂ ಬಿಳಿ ಪುಡಿಯಾಗಿಯೇ ಸುತ್ತುತ್ತಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಪಿಎಚ್ ಏರಿಸಿದಾಗ ಮಾತ್ರ ನೀರು ತಟ್ಟನೆ ತಿಳಿಯಾಗುತ್ತದೆ. ಹಿಂದೆ ನಾನಿದ್ದ ಒಂದು ಘಟಕದಲ್ಲಿ ಹೀಗೆ ಕರಗಿಸಿಟ್ಟ ದ್ರಾವಣದ ಚೀಲದ ತಳದಲ್ಲಿ ಬೆಳಿಗ್ಗೆ ಸುಣ್ಣದಂಥ ಪದರ ಕೂತಿತ್ತು. ಪಾಪ, ರಾತ್ರಿ ಪಾಳಿಯ ಹುಡುಗ ಪಿಎಚ್ ಮೀಟರನ್ನು ಸರಿಹೊಂದಿಸದೆ ಅಳೆದಿದ್ದ; ಪಿಎಚ್ ಸಾಲದೆ ಟೈರೋಸಿನ್ ಮತ್ತೆ ಪುಡಿಯಾಗಿ ಕೂತಿತ್ತು. ಗಮನಿಸದೆ ಅದನ್ನೇ ಕೊಟ್ಟಿದ್ದರೆ ಕೋಶಗಳು ಸಾಯದೇ ಇರಬಹುದಿತ್ತು, ಆದರೆ ಟೈರೋಸಿನ್ ಸಿಗದ ಕೋಶ ಕೆಲವೆಡೆ ಅದರ ಜಾಗದಲ್ಲಿ ಫಿನೈಲ್‌ಅಲನೈನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಕೂರಿಸಿಬಿಡುತ್ತದೆ. ಜೀನ್ ಸರಿಯಾಗಿದ್ದೂ ಔಷಧ ತಪ್ಪಾಗುವುದು ಹೀಗೆ.

ಊಟದಿಂದ ಬರುವ ಅಪಾಯ ಇಷ್ಟಕ್ಕೇ ನಿಲ್ಲುವುದಿಲ್ಲ. 2009ರಲ್ಲಿ ಅಮೆರಿಕದ ಬಾಸ್ಟನ್ನಿನ ಆಲ್‌ಸ್ಟನ್‌ನಲ್ಲಿದ್ದ ಜೆನ್‌ಜೈಮ್ ಕಂಪನಿಯ ಘಟಕದ ಬಯೋರಿಯಾಕ್ಟರಿನಲ್ಲಿ ವೆಸಿವೈರಸ್ 2117 ಕಾಣಿಸಿಕೊಂಡು ಉತ್ಪಾದನೆ ನಿಂತಿತು. ಉತ್ಪಾದನೆಗೆ ಬಳಸುವ ಪೋಷಕವೊಂದರಿಂದಲೇ ವೈರಸ್ ಬಂದಿರಬೇಕೆಂದು ಕಂಪನಿಯೇ ಹೇಳಿತು. ಗೌಷೆ ಎಂಬ ಅಪರೂಪದ ಆನುವಂಶಿಕ ಕಾಯಿಲೆಯವರಿಗೆ ಆಧಾರವಾಗಿದ್ದ, ಅಲ್ಲೇ ತಯಾರಾಗುತ್ತಿದ್ದ ಸೆರೆಜೈಮ್ ಔಷಧ ತಿಂಗಳುಗಟ್ಟಲೆ ಸರಿಯಾಗಿ ಸಿಗದೆ, ಎಷ್ಟೋ ರೋಗಿಗಳು ಡೋಸ್ ಕಡಿತಕ್ಕೆ ಒಪ್ಪಬೇಕಾಯಿತು. ಕರುವಿನ ರಕ್ತದಿಂದ ತೆಗೆದ ಸೀರಂ ಬಿಟ್ಟು, ಪ್ರತಿ ಘಟಕದ್ರವ್ಯವೂ ಗೊತ್ತಿರುವ ರಾಸಾಯನಿಕ ಮೀಡಿಯಾದತ್ತ ಉದ್ಯಮ ವಾಲಿರುವುದಕ್ಕೆ ಇಂಥ ಭಯವೂ ಕಾರಣ.

ಬೆಂಗಳೂರಿನ ಬಯೋಕಾನ್ ಟ್ರಾಸ್ಟುಜುಮ್ಯಾಬನ್ನು 2014ರಲ್ಲಿ ನಮ್ಮ ಮಾರುಕಟ್ಟೆಗೆ ತಂದದ್ದು ಹೆಮ್ಮೆಯ ವಿಷಯ. ಆದರೆ ನಾನು ದಿನವೂ ತೆರೆಯುವ ಮೀಡಿಯಾ ಡ್ರಮ್ಮುಗಳ ಮೇಲೆ ಹೆಚ್ಚಾಗಿ ಇರುವುದು ಹೊರದೇಶದ ಚೀಟಿಯೇ. ಕೆಲಸಕ್ಕೆ ಸೇರುವ ಪದವೀಧರರು ಜೀನ್ ಕತ್ತರಿಸುವುದನ್ನು ಬಲ್ಲರು, ಟೈರೋಸಿನ್ ಕರಗುವುದನ್ನು ಕಂಡಿರುವುದಿಲ್ಲ. ನಮ್ಮ ಬಯೋಟೆಕ್ ನೀತಿಯ ಬಗ್ಗೆ ತಾವು ಮುಂದೆ ವರದಿ ಮಾಡುವಾಗ, ಈ ಮೀಡಿಯಾ ಪುಡಿಯನ್ನು ಇಲ್ಲಿಯೇ ತಯಾರಿಸಲು ಏನು ನೆರವಿದೆ, ಕಾಲೇಜಿನ ಪ್ರಯೋಗಾಲಯಗಳಲ್ಲಿ ಇದನ್ನು ಕಲಿಸುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಸಂಬಂಧಪಟ್ಟವರಿಗೆ ಕೇಳಬೇಕೆಂದು ವಿನಂತಿ.

ಇಂತಿ,
ಔಷಧ ಘಟಕವೊಂದರ ಉದ್ಯೋಗಿ, ಬೊಮ್ಮಸಂದ್ರ