ಜನ ನಗದ ರಾತ್ರಿ: ಶಿರಸಿಯ ತಂಗಿಗೊಂದು ಪತ್ರ

ಪ್ರಿಯ ತಂಗಿ,

ಕಾರವಾರದ ಶೋ ಕೈಕೊಟ್ಟಿತು, ಅಂದಿನಿಂದ ನಿದ್ದೆ ಸರಿಯಾಗಿಲ್ಲ, ಸ್ಟ್ಯಾಂಡಪ್ ಕಾಮಿಡಿ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ಜಾಗ ನೋಡು. ಮಯೂರವರ್ಮ ವೇದಿಕೆ. ಎದುರಿಗೆ ಬಯಲು, ಪಕ್ಕದಲ್ಲೇ ಸಮುದ್ರ. ಮುಂದೆ ಗಣ್ಯರ ಸೋಫಾ, ಹಿಂದೆ ದೂರ ದೂರಕ್ಕೆ ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಒಬ್ಬ ನಕ್ಕರೆ ಪಕ್ಕದವನಿಗೆ ಕೇಳುವ ಮೊದಲೇ ಗಾಳಿ ಹೊತ್ತುಕೊಂಡು ಹೋಗುತ್ತದೆ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ಮನೋವಿಜ್ಞಾನಿ ನಗುವಿನ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಮನುಷ್ಯ ಒಬ್ಬನೇ ಇದ್ದಾಗ ನಗುವುದಕ್ಕಿಂತ ಜನರ ನಡುವೆ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತಾನೆ ಅನ್ನುವುದು ಅವರ ಲೆಕ್ಕ. ಇನ್ನೂ ಮಜಾ ಅಂದರೆ, ಮಾತುಕತೆಯ ನಡುವೆ ಬರುವ ನಗುವಿನಲ್ಲಿ ಹೆಚ್ಚಿನದು ಜೋಕಿಗೆ ಬಂದದ್ದೇ ಅಲ್ಲ. ತೀರಾ ಸಾದಾ ಮಾತಿಗೆ ಬಂದದ್ದು. ಅಂದರೆ ಜನಕ್ಕೆ ನಗಲು ನಿನ್ನಷ್ಟೇ ಪಕ್ಕದವರೂ ಬೇಕು. ಹಾಗಾಗಿ ಇನ್ನು ಮೇಲೆ ಶೋಗೆ ಮುಂಚೆ ಹೋಗಿ ಕುರ್ಚಿ ಒತ್ತೊತ್ತಾಗಿ ಹಾಕಿಸು. ಸಂಘಟಕರು ಗೊಣಗಲಿ, ಪರವಾಗಿಲ್ಲ.

ಇಷ್ಟಾದರೂ ನಿನ್ನ ನೋವು ಹೋಗುವುದಿಲ್ಲ, ನನಗೆ ಗೊತ್ತು. ಅದರ ಬೇರು ಬೇರೆ ಕಡೆ ಇದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹಾಸ್ಯ ಹೊಸದಲ್ಲ. ಹೊನ್ನಾವರದ ಕರ್ಕಿಯಲ್ಲಿ ಒಂದು ಯಕ್ಷಗಾನದ ಮನೆತನಕ್ಕೆ ಹಾಸ್ಯಗಾರ ಅನ್ನುವುದೇ ಅಡ್ಡಹೆಸರು. ಆದರೆ ಆಟದ ಹಾಸ್ಯಗಾರನಿಗೆ ಎಷ್ಟು ಆಸರೆ ನೋಡು. ದೂತನದೋ ಬಾಗಿಲು ಕಾಯುವವನದೋ ವೇಷ ಇರುತ್ತದೆ. ಮಾತು ಬಿದ್ದುಹೋದರೆ ಪದ್ಯ ಹಾಡುವ ಭಾಗವತರು ಒಂದು ಪ್ರಶ್ನೆ ಹಾಕಿ ಎತ್ತಿಕೊಡುತ್ತಾರೆ. ಅದೂ ಆಗದಿದ್ದರೆ ಪದ್ಯ ಶುರು, ಕಥೆ ಮುಂದಕ್ಕೆ. ಬೆಳಗಿನ ಜಾವ ವೇಷ ಕಟ್ಟುವ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡರೆ ಸೋತ ದೂತನೂ ಅದರ ಜೊತೆಗೇ ಹೋದ. ನಿನಗೆ ಇದ್ಯಾವುದೂ ಇಲ್ಲ. ನಿನ್ನದೇ ಹೆಸರು, ನಿನ್ನದೇ ಚೂಡಿದಾರ, ನಿನ್ನದೇ ಅಮ್ಮನ ಕಥೆ. ಜನ ಸುಮ್ಮನೆ ಕೂತರೆ ಜೋಕು ಬಿತ್ತು ಅನ್ನಿಸುವುದಿಲ್ಲ, ನಾನೇ ಬೇಡವಾದೆ ಅನ್ನಿಸುತ್ತದೆ. ಅಲ್ವಾ?

ಅದಕ್ಕೆ ವೇಷವನ್ನು ಕಾಗದದ ಮೇಲೆ ಕಟ್ಟಿಕೋ. ಮೈಕ್ ಮುಂದೆ ನಿಲ್ಲುವ 'ನಾನು' ನೀನು ಬರೆದ ಪಾತ್ರ ಆಗಬೇಕು. ನಿನಗಿಂತ ಸ್ವಲ್ಪ ಹಟಮಾರಿ, ಅಥವಾ ಸ್ವಲ್ಪ ಜಿಪುಣಿ. ಅವಳಿಗೆ ನಿನ್ನಲ್ಲಿಲ್ಲದ ಒಂದೆರಡು ಚಟ ಕೊಡು. ಬಸ್ಸು ತಪ್ಪಿದರೆ ಅವಳು ಏನಂತಾಳೆ, ನೆಂಟರು ಮದುವೆ ಮಾತು ತೆಗೆದರೆ ಏನಂತಾಳೆ ಅಂತ ಬರೆದಿಟ್ಟುಕೋ. ಆಗ ಜನ ನಗದಿದ್ದರೆ ಅವಳ ಮಾತನ್ನು ತಿದ್ದಿದರಾಯಿತು, ನಿನ್ನನ್ನಲ್ಲ.

ನಿನ್ನ ಸ್ಕ್ರಿಪ್ಟಿನಲ್ಲಿ ಅಪ್ಪನ ಆಸ್ಪತ್ರೆಯ ಭಾಗ ಇದೆಯಲ್ಲ, ಅದಕ್ಕೆ ಬರುತ್ತೇನೆ. ಹೇಳುವಾಗ ದನಿ ನಡುಗಿತು ಅಂತ ಬರೆದಿದ್ದೀಯ. ನಿನ್ನ ದನಿ ನಡುಗಿದರೆ ಕೇಳುವವರಿಗೆ ನಿನ್ನದೇ ಚಿಂತೆ ಹತ್ತುತ್ತದೆ. ಚಿಂತೆ ಹತ್ತಿದವರು ನಗುವುದಿಲ್ಲ. ಅದನ್ನು ಗೆಳತಿಗೆ ಹೇಳುವಾಗ ಅವಳು 'ಪಾಪ' ಅನ್ನಲಿ ಅಂತ ನಿನಗೆ ಒಳಗೊಳಗೇ ಅನ್ನಿಸುತ್ತಿದ್ದರೆ, ಅದು ಇನ್ನೂ ಡೈರಿಯಲ್ಲಿರಲಿ. ಇನ್ನೊಂದು, ಶಿರಸಿ ಸಣ್ಣ ಊರು. ನೆಂಟರ ಹೆಸರು ಬದಲಿಸಿದರೂ ಯಾರ ಮನೆ ಅಂತ ಪೇಟೆಗೆಲ್ಲ ಗೊತ್ತಾಗುತ್ತದೆ. ಅಮ್ಮನಿಗೆ ಮೊದಲೇ ಓದಿ ತೋರಿಸು. ಬೈದರೆ ಆ ಬೈಗುಳವೂ ಸ್ಕ್ರಿಪ್ಟಿಗೆ ಬರುತ್ತದೆ!

ನಗಿಸುವವರೆಲ್ಲ ಒಳಗೆ ಅಳುವವರೇ ಅಂತ ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದ 523 ಹಾಸ್ಯ ಕಲಾವಿದರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಜನರಿಂದ ದೂರ ಉಳಿಯುವ ಸ್ವಭಾವ, ಹಿಂದೆಮುಂದೆ ನೋಡದೆ ನುಗ್ಗುವ ಸ್ವಭಾವ, ಎರಡೂ ಅವರಲ್ಲಿ ಬೇರೆಯವರಿಗಿಂತ ಜಾಸ್ತಿ ಕಂಡವು. ಆದರೆ ಅದು ಪ್ರಶ್ನಾವಳಿ ತುಂಬಿಸಿ ನೋಡಿದ ಸ್ವಭಾವ, ಡಾಕ್ಟರು ಪರೀಕ್ಷಿಸಿ ಹೇಳಿದ ಕಾಯಿಲೆ ಅಲ್ಲ. ದುಃಖ ಇದ್ದರೇ ಜೋಕು ಹುಟ್ಟುತ್ತದೆ ಅಂತ ದುಃಖವನ್ನು ಸಾಕಿಕೊಂಡು ಕೂರಬೇಡ. ನಿದ್ದೆ ಹೀಗೇ ಕೆಡುತ್ತಾ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು. 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಶೋ ಮುಗಿದ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡ. ಮೈ ಇನ್ನೂ ಬಿಸಿ ಇರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೂತು ಆ ವಿಡಿಯೋವನ್ನೇ ತಿರುಗಿ ತಿರುಗಿ ನೋಡಿದರೆ ನಿನ್ನ ಮುಖ ಮಾತ್ರ ಕಾಣುತ್ತದೆ. ಎರಡು ಮೂರು ದಿನ ಬಿಟ್ಟು ಆಡಿಯೋ ಮಾತ್ರ ಕೇಳು. ಎಲ್ಲಿ ಅವಸರ ಮಾಡಿದೆ, ಎಲ್ಲಿ ನಗು ಮುಗಿಯುವ ಮೊದಲೇ ಮುಂದಿನ ಮಾತಿಗೆ ಹಾರಿದೆ ಅಂತ ಗೊತ್ತಾಗುತ್ತದೆ. ಚಪ್ಪಾಳೆ ಬಿದ್ದ ರಾತ್ರಿಗೂ ಇದೇ ನಿಯಮ.

ಕುಮಟಾ ಶೋದ ಸ್ಕ್ರಿಪ್ಟ್ ಭಾನುವಾರದೊಳಗೆ ಕಳಿಸು. ಆಸ್ಪತ್ರೆಯ ಭಾಗ ಸದ್ಯಕ್ಕೆ ತೆಗೆ. ಅಡಿಕೆ ವ್ಯಾಪಾರಿಯ ಭಾಗ ಉದ್ದ ಮಾಡು, ಅವನು ಅಡಿಕೆ ಕೈಯಲ್ಲಿ ಹಿಡಿದು ಮುಖ ಸಿಂಡರಿಸುವುದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ.

ಇತಿ,
ನಿನ್ನ ಅಣ್ಣ