ಭಾಗಿಸುವ ಮೊದಲು ಸಂಖ್ಯೆಯನ್ನು ನೋಡು

ಕೋಲಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಆರಂಕಿಯ ಸಂಖ್ಯೆಗೆ ಅಪವರ್ತನ ಕೇಳಿದರೆ ಕೈಕಾಲೇ ಆಡುವುದಿಲ್ಲ, ಮೊಬೈಲಿಗೆ ಕೊಟ್ಟುಬಿಡುತ್ತೇನೆ ಎಂದು ನಿಮ್ಮಪ್ಪನ ಬಳಿ ಹೇಳಿದೆಯಂತೆ. ಕೊಡು, ಬೇಡವೆನ್ನುವುದಿಲ್ಲ. ಕೊಡುವ ಮೊದಲು ಆ ಸಂಖ್ಯೆಯನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡು.

ಈ ಲಕೋಟೆಯ ಮೇಲೆ ನಮ್ಮೂರಿನ ಪಿನ್ ಕೋಡ್ ಇದೆ: 563101. ಕಣ್ಣು ಮುಚ್ಚಿ ಭಾಗಿಸುತ್ತ ಹೊರಟರೆ 750ರೊಳಗಿನ 132 ಅವಿಭಾಜ್ಯ ಸಂಖ್ಯೆಗಳನ್ನೂ ಪರೀಕ್ಷಿಸಬೇಕಾಗಿ ಬಂದೀತು. ಅದರ ಬದಲು ಅಂಚೆಯವರ ಹಾಗೆ ಮೂರು ಮೂರು ಅಂಕಿಯಾಗಿ ಓದು. ಅವರಿಗೆ ಮೊದಲ ಮೂರು ಅಂಚೆ ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಅಂಚೆ ಕಚೇರಿಯನ್ನೂ ತಿಳಿಸುತ್ತವೆ. ನಿನಗೆ ಬೇಕಾದದ್ದು ಅವುಗಳ ವ್ಯತ್ಯಾಸ. 563ರಲ್ಲಿ 101 ಕಳೆದರೆ 462. ಏಳು, ಹನ್ನೊಂದು, ಹದಿಮೂರನ್ನು ಗುಣಿಸಿದರೆ 1001; ನಮ್ಮ ಸಂಖ್ಯೆ 563×1001−462 ಆಗಿರುವುದರಿಂದ, ಈ ಮೂರರಲ್ಲಿ ಯಾವುದು 462ನ್ನು ಭಾಗಿಸುತ್ತದೋ ಅದು ಇಡೀ ಸಂಖ್ಯೆಯನ್ನೂ ಭಾಗಿಸುತ್ತದೆ. ಏಳು ಮತ್ತು ಹನ್ನೊಂದು ಭಾಗಿಸುತ್ತವೆ, ಹದಿಮೂರು ಇಲ್ಲ. ಆ ಎರಡರಿಂದಲೂ ಭಾಗಿಸಿದರೆ ಉಳಿಯುವುದು 7313, ಅಂದರೆ 71×103.

ಇದಕ್ಕಿಂತ ಸೊಗಸಾದ ದಾರಿ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನದು. ಕೋರ್ಟಿನ ಕೆಲಸ ಮಾಡಿಕೊಂಡೇ ಗಣಿತದಲ್ಲಿ ಮುಳುಗಿದ್ದ ಆಸಾಮಿ. ನಮ್ಮ ಸಂಖ್ಯೆಯನ್ನು ದಾಟಿದ ಮೊದಲ ವರ್ಗ 751ರದು, 564001. ಅದರಲ್ಲಿ 563101 ಕಳೆದರೆ 900, ಅದು 30ರ ವರ್ಗ! ಹಾಗಾಗಿ ಸಂಖ್ಯೆ (751−30)×(751+30), ಅಂದರೆ 721×781. ಒಂದೇ ಹೆಜ್ಜೆಯಲ್ಲಿ ಒಡೆಯಿತು. ಎಲ್ಲ ಸಂಖ್ಯೆಗಳೂ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಈ ದಾರಿ ಚಿಕ್ಕದು. ಗುಟ್ಟಿನ ಸಂದೇಶಗಳಿಗೆ ದೈತ್ಯ ಸಂಖ್ಯೆಗಳನ್ನು ಕಟ್ಟುವವರು ಹತ್ತಿರದ ಅವಿಭಾಜ್ಯಗಳನ್ನು ಆರಿಸದಿರುವುದೂ ಇದಕ್ಕೇ.

ಮೊಬೈಲು 7, 11, 71, 103 ಎಂದು ಹೇಳಿ ಸುಮ್ಮನಾಗುತ್ತದೆ. ನೀನು ಸುಮ್ಮನಾಗಬೇಡ. ನಾಲ್ಕನ್ನೂ ನಾಲ್ಕರಿಂದ ಭಾಗಿಸಿ ನೋಡು, ಪ್ರತಿ ಬಾರಿಯೂ ಶೇಷ 3. ಅಂಥ ಅವಿಭಾಜ್ಯವೊಂದು ಬೆಸ ಸಲ ಬಂದರೂ ಸಾಕು, ಆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದಿಲ್ಲ. 563101ಕ್ಕೆ ಮಾತ್ರ ಶೇಷ 1, ಬರೆಯಬಹುದೆಂಬ ಆಸೆ ಹುಟ್ಟಿಸುತ್ತದೆ. ಒಳಗಿನ ಅವಿಭಾಜ್ಯಗಳು ಬಿಡುವುದಿಲ್ಲ.

ಈಗ ನೀನಿರುವ ತುಮಕೂರಿನದು: 572101. ಇದು 17×73×461, ಮೂರಕ್ಕೂ ಶೇಷ 1. ನಮ್ಮೂರಿನದಕ್ಕೆ ಆಗದ್ದು ನಿಮ್ಮೂರಿನದಕ್ಕೆ ನಾಲ್ಕು ಬಗೆಯಲ್ಲಿ ಆಗುತ್ತದೆ. ಒಂದನ್ನು ಹೇಳುತ್ತೇನೆ: 751ರ ವರ್ಗಕ್ಕೆ 90ರ ವರ್ಗ ಕೂಡಿಸು. ಹೌದು, ಅದೇ 751! ಇದಕ್ಕೆ ಕಾರಣ ಹುಡುಕಲು ಹೋಗಬೇಡ, ಬರೀ ಕಾಕತಾಳೀಯ.

ಉಳಿದ ಮೂರನ್ನು ನೀನೇ ಹುಡುಕಿ ಬರೆ. 17 ಎಂದರೆ 16+1, 73 ಎಂದರೆ 64+9, ಅಲ್ಲಿಂದ ಶುರು ಮಾಡು. ಉತ್ತರವನ್ನು ಅಂಚೆಯಲ್ಲೇ ಕಳುಹಿಸು, ಫೋನಿನಲ್ಲಿ ಹೇಳಿದರೆ ಒಪ್ಪುವುದಿಲ್ಲ.

ಇಂತಿ ನಿನ್ನ
ದೊಡ್ಡಪ್ಪ