ಹಳೆಯ ಬೀದಿಗಳ ಆಡಿಯೊ ನಡಿಗೆ: ದನಿಗೆ ಸುಮ್ಮನಿರುವುದೂ ತಿಳಿದಿರಲಿ

ಮಾನ್ಯರೇ,

ನಗರಗಳ ಹಳೆಯ ಭಾಗಗಳನ್ನು ಗೈಡ್ ಇಲ್ಲದೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಮೊಬೈಲ್‌ನಲ್ಲಿ ಮೊದಲೇ ಇಳಿಸಿಕೊಂಡ ವಿವರಣೆಯನ್ನು ಕೇಳುತ್ತಾ ನಮ್ಮ ಪಾಡಿಗೆ ನಾವು ನಡೆದು ನೋಡುವ ರೂಢಿ ಈಗ ಎಲ್ಲೆಡೆ ಹರಡುತ್ತಿದೆ. ಕೆಲವು ವರ್ಷಗಳಿಂದ ನಾನೂ ಹೀಗೆ ನಡೆಯುತ್ತಾ ಬಂದಿದ್ದೇನೆ. ಗುಂಪಿನ ಗದ್ದಲವಿಲ್ಲದೆ, ಯಾರ ಗಡಿಯಾರಕ್ಕೂ ಓಡದೆ, ಬೇಕಾದಲ್ಲಿ ಕುಳಿತು, ಬೇಡವಾದದ್ದನ್ನು ದಾಟಿ ಹೋಗಬಹುದಾದ ಈ ಸ್ವಾತಂತ್ರ್ಯ ನನಗೆ ಬಹಳ ಇಷ್ಟ. ಆದರೆ ಇಂಥ ನಡಿಗೆಗಳನ್ನು ತಯಾರಿಸಲು ನಗರಾಡಳಿತಗಳು, ಪ್ರವಾಸೋದ್ಯಮ ಸಂಸ್ಥೆಗಳು, ಇತಿಹಾಸಾಸಕ್ತರ ಗುಂಪುಗಳು ಮುಂದಾಗುತ್ತಿರುವ ಈ ಹೊತ್ತಿನಲ್ಲಿ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲೇಬೇಕೆನಿಸಿದೆ. ನಾನು ಕೇಳಿದವುಗಳಲ್ಲಿ ಹೆಚ್ಚಿನವು ನಡಿಗೆಗಳೇ ಅಲ್ಲ. ಕೋಣೆಯಲ್ಲಿ ಕುಳಿತು ಬರೆದು, ಕೋಣೆಯಲ್ಲೇ ಓದಿ ಮುದ್ರಿಸಿದ ಉಪನ್ಯಾಸಗಳು. ಕೇಳುವವನು ಬೀದಿಯಲ್ಲಿ ನಿಂತಿದ್ದಾನೆ, ಅವನ ಕಣ್ಣೆದುರು ಒಂದು ಗೋಡೆಯಿದೆ, ಕಾಲಕೆಳಗೆ ಕಲ್ಲುಹಾಸಿದೆ, ಪಕ್ಕದಲ್ಲಿ ವಾಹನ ಬರುತ್ತಿದೆ ಎಂಬುದು ಅವುಗಳನ್ನು ಬರೆದವರ ಮನಸ್ಸಿಗೆ ಬಂದಂತೆಯೇ ಕಾಣುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಸುತ್ತಲೂ ನೋಡುತ್ತಾ ನಿಧಾನವಾಗಿ ನಡೆಯುವವರ ವೇಗ ಗಂಟೆಗೆ ಸುಮಾರು 3 ಕಿ.ಮೀ. ಎಂದುಕೊಂಡರೆ, ನಿಮಿಷಕ್ಕೆ 50 ಮೀಟರ್ ಆಯಿತು. ಮೂರು ನಿಮಿಷದ ವಿವರಣೆ ಮುಗಿಯುವಷ್ಟರಲ್ಲಿ ನಡೆಯುವವರು 150 ಮೀಟರ್ ಮುಂದಿರುತ್ತಾರೆ. ಇಕ್ಕಟ್ಟಾದ ಹಳೆಯ ಕೇರಿಯಲ್ಲಿ ಅಷ್ಟು ದೂರಕ್ಕೆ ಎರಡು ತಿರುವುಗಳೂ ಹತ್ತಿಪ್ಪತ್ತು ಮನೆಗಳೂ ಹಿಂದೆ ಬಿದ್ದಿರುತ್ತವೆ. ಹಾಗಾಗಿ ನಡೆಯುತ್ತಾ ಕೇಳಿದರೆ ಹೇಳಿದ ವಸ್ತು ಕಣ್ಣಿಗೆ ಸಿಗುವುದಿಲ್ಲ, ನಿಂತು ಕೇಳಿದರೆ ಬೀದಿಯ ನಡುವೆ ಕಂಬದಂತೆ ನಿಂತು ದಾರಿಹೋಕರಿಗೆ ಅಡ್ಡಿಯಾಗುತ್ತೇವೆ. ಕಟ್ಟಿಸಿದವನ ವಂಶಾವಳಿ, ಅವನ ಯುದ್ಧಗಳು, ಅವನ ನಂತರ ಬಂದವರ ಹೆಸರುಗಳು ಮನೆಯಲ್ಲಿ ಕುಳಿತು ಓದಬಹುದಾದ ಸಂಗತಿಗಳು. ಬೀದಿಯಲ್ಲಿ ನಿಂತವರಿಗೆ ಬೇಕಾದದ್ದು, ಅಲ್ಲಿ ನಿಂತರೆ ಮಾತ್ರ ತಿಳಿಯುವಂಥದ್ದು.

ಅಂಥದ್ದೊಂದನ್ನು ನಾನು ಕಂಡಿದ್ದೇನೆ. ಹಳೆಯ ನಗರಭಾಗವೊಂದರ ನಡಿಗೆಯಲ್ಲಿ ಓಣಿಯ ತಿರುವಿಗೆ ಬಂದಾಗ ದನಿ ಇಷ್ಟೇ ಹೇಳಿತು: ಎಡಕ್ಕೆ ತಿರುಗುವ ಮೊದಲು ಗೋಡೆಯ ಮೂಲೆಯ ಬುಡ ನೋಡಿ, ಅಲ್ಲಿರುವ ಕಲ್ಲನ್ನು ಕೈಯಿಂದ ಮುಟ್ಟಿ. ಆಮೇಲೆ ದನಿ ನಿಂತಿತು. ನಾನು ಬಗ್ಗಿದೆ. ಮೊಣಕಾಲೆತ್ತರದ ಗುಂಡುಕಲ್ಲೊಂದನ್ನು ಗೋಡೆಯ ಮೂಲೆಗೆ ಒರಗಿಸಿ ನೆಟ್ಟಿದ್ದರು. ಅದರ ಹೊರಮೈಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಅಡ್ಡಡ್ಡಲಾಗಿ ಮೂರು ಗೀರುಗಳಿದ್ದವು. ಒಂದರಲ್ಲಿ ನನ್ನ ಹೆಬ್ಬೆರಳು ಅರ್ಧದವರೆಗೂ ಕೂರುತ್ತಿತ್ತು. ಅಂಚುಗಳು ನುಣುಪಾಗಿದ್ದವು, ಒಳಗೆ ಮಾತ್ರ ಕಲ್ಲಿನ ಹರಳು ತರಿತರಿಯಾಗಿ ಕೈಗೆ ಸಿಗುತ್ತಿತ್ತು. ಅರ್ಧ ನಿಮಿಷದ ಮೌನದ ನಂತರ ದನಿ ಮತ್ತೆ ಬಂದು, ತಿರುವಿನಲ್ಲಿ ಬಂಡಿಯ ಗಾಲಿ ಗೋಡೆಯನ್ನು ಕೆಡವದಿರಲೆಂದು ಈ ಕಲ್ಲನ್ನು ನೆಡುತ್ತಿದ್ದರೆಂದೂ, ಗೀರುಗಳು ಗಾಲಿಗಳ ಕಬ್ಬಿಣದ ಪಟ್ಟಿ ಮತ್ತು ಅಚ್ಚಿನ ತುದಿ ಉಜ್ಜಿ ಮೂಡಿದವೆಂದೂ ತಿಳಿಸಿತು. ಆ ಓಣಿಯಲ್ಲಿ ಎಷ್ಟು ಬಂಡಿ ಓಡಾಡಿರಬೇಕು, ತಿರುವು ಎಷ್ಟು ಬಿಗಿಯಿತ್ತು, ಚಾಲಕರಿಗೆ ಎಷ್ಟು ಅವಸರವಿತ್ತು ಎಂಬುದನ್ನೆಲ್ಲ ನನ್ನ ಬೆರಳೇ ನನಗೆ ಹೇಳಿಬಿಟ್ಟಿತ್ತು. ಆ ದಿನದಿಂದ ಯಾವ ಹಳೆಯ ಊರಿಗೆ ಹೋದರೂ ತಿರುವುಗಳ ಬುಡವನ್ನು ನೋಡದೆ ಮುಂದೆ ಹೋಗುವುದಿಲ್ಲ. ಒಂದು ಒಳ್ಳೆಯ ಆಡಿಯೊ ನಡಿಗೆ ಮಾಡಬೇಕಾದ ಕೆಲಸ ಇದು. ನಡುವೆ ಸವೆದು ತಗ್ಗಾದ ಹೊಸ್ತಿಲು, ಇಟ್ಟಿಗೆಯಿಂದ ಮುಚ್ಚಿದ ಕಿಟಕಿಯ ಗುರುತು, ಕುದುರೆ ಕಟ್ಟಲು ಗೋಡೆಗೆ ಹೊಡೆದ ಕಬ್ಬಿಣದ ಬಳೆ, ಬೀದಿಯ ಮಟ್ಟ ಏರುತ್ತಾ ಹೋದದ್ದರಿಂದ ಮೆಟ್ಟಿಲಿಳಿದು ಒಳಹೋಗಬೇಕಾದ ಮನೆಗಳು, ಇವುಗಳಲ್ಲಿ ಯಾವುದಕ್ಕೂ ಮೂರು ನಿಮಿಷದ ಮಾತು ಬೇಕಿಲ್ಲ. ಎಲ್ಲಿ ನೋಡಬೇಕೆಂದು ತೋರಿಸಿ, ನೋಡಲು ಬಿಡಬೇಕು, ಆಮೇಲೆ ಕಾರಣ ಹೇಳಬೇಕು. ಮೊದಲೇ ಕಾರಣ ಹೇಳಿಬಿಟ್ಟರೆ ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ.

ಈ ಸಾಧನದ ಇತಿಹಾಸವೂ ಇದನ್ನೇ ಹೇಳುತ್ತದೆ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯವು ಟೇಪಿನಲ್ಲಿ ಮುದ್ರಿಸಿದ ವಿವರಣೆಯನ್ನು ಕಿರುತರಂಗ ರೇಡಿಯೊ ಮೂಲಕ ಸಂದರ್ಶಕರ ಕೈಯಲ್ಲಿನ ರಿಸೀವರ್‌ಗಳಿಗೆ ಬಿತ್ತರಿಸಿತು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ವಾಕ್ಯ ಕೇಳುತ್ತಿದ್ದುದರಿಂದ ಎಲ್ಲರೂ ಒಟ್ಟಿಗೇ ಚಿತ್ರದಿಂದ ಚಿತ್ರಕ್ಕೆ ಸರಿಯಬೇಕಾಗುತ್ತಿತ್ತು. ಒಬ್ಬರಿಗೆ ಒಂದು ಚಿತ್ರದ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸಿದರೆ ಮಾತು ಕಾಯುತ್ತಿರಲಿಲ್ಲ. ಮುಂದೆ ಕ್ಯಾಸೆಟ್ಟು ಬಂತು, 1979ರಲ್ಲಿ ಸೋನಿ ವಾಕ್‌ಮನ್ ಬಂತು, ಮಾತನ್ನು ನಿಲ್ಲಿಸುವ ಗುಂಡಿ ನಡೆಯುವವರ ಬೆರಳಿನ ಕೆಳಗೇ ಬಂತು. ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ ಗುಂಡಿ. ಅದನ್ನು ನಾವೂ ಸಾಕಷ್ಟು ಬಳಸುತ್ತಿಲ್ಲ, ಬರೆಯುವವರೂ ಅದಕ್ಕೆ ಎಡೆಕೊಟ್ಟು ಬರೆಯುತ್ತಿಲ್ಲ.

ನಡೆಯುತ್ತಲೇ ಮುದ್ರಿಸುವುದು ಅಸಾಧ್ಯವೇನಲ್ಲ. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 1991ರಿಂದ ಧ್ವನಿನಡಿಗೆಗಳನ್ನು ರಚಿಸುತ್ತಾ ಬಂದಿದ್ದಾರೆ. ಎರಡು ಕಿವಿಗಳ ಜಾಗದಲ್ಲಿ ಎರಡು ಮೈಕ್ ಇಟ್ಟು, ಕೇಳುಗರು ಮುಂದೆ ನಡೆಯಲಿರುವ ದಾರಿಯಲ್ಲೇ ಮುದ್ರಿಸುವುದು ಅವರ ಕ್ರಮ. ಆ ಮುದ್ರಣದಲ್ಲಿ ಹೆಜ್ಜೆಯ ಸದ್ದಿದೆ, ಉಸಿರಿದೆ, ಬಲಗಡೆಯಿಂದ ಹಾದುಹೋದ ಸದ್ದು ಬಲಗಡೆಯಿಂದಲೇ ಕೇಳುತ್ತದೆ. ಕೇಳುವವರ ಹೆಜ್ಜೆ ತಾನಾಗಿ ಆ ಹೆಜ್ಜೆಗೆ ಹೊಂದಿಕೊಳ್ಳುತ್ತದೆ. ಅವರದು ಕಲಾಕೃತಿ, ನಾವು ಕೇಳುತ್ತಿರುವುದು ಮಾಹಿತಿ ಎಂಬುದು ನಿಜ. ಆದರೂ ಬೀದಿಗಾಗಿ ಬರೆಯುವವರು ಬೀದಿಗೆ ಇಳಿಯಬೇಕು ಎಂಬ ನಿಯಮ ಎರಡಕ್ಕೂ ಒಂದೇ. ಹಾಗೆಯೇ, ಯಾರು ಮಾತಾಡುತ್ತಾರೆ ಎಂಬುದೂ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಲ್ಕಟ್ರಾಜ್ ದ್ವೀಪದ ಸೆರೆಮನೆ 1963ರಲ್ಲಿ ಮುಚ್ಚಿತು. ಇಂದು ಅಲ್ಲಿನ ಆಡಿಯೊ ವಿವರಣೆಯಲ್ಲಿ ಅಲ್ಲಿ ಕೈದಿಗಳಾಗಿದ್ದವರ ಮತ್ತು ಕಾವಲುಗಾರರಾಗಿದ್ದವರ ದನಿಗಳೇ ಇವೆ. ನಮ್ಮ ಹಳೆಯ ಬೀದಿಗಳಲ್ಲಿ ಹುಟ್ಟಿ ಬೆಳೆದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗ, ತರಬೇತಾದ ಒಂದೇ ಸವಿದನಿಯಿಂದ ಎಲ್ಲವನ್ನೂ ಓದಿಸುವುದು ನನಗೆ ದೊಡ್ಡ ನಷ್ಟವೆನಿಸುತ್ತದೆ. ಅವರ ಮಾತು ತಡವರಿಸಿದರೂ ಇರಲಿ. ಹತ್ತು ವರ್ಷದ ಮೇಲೆ ಆ ಮಾತು ಬೇಕೆಂದರೂ ಸಿಗದು.

ಇನ್ನು ದಾರಿ ತೋರಿಸುವ ವಿಷಯ. ಒಮ್ಮೆ ನನ್ನ ಕಿವಿಯಲ್ಲಿನ ದನಿ, ನೀಲಿ ಬಾಗಿಲಿನ ಮನೆಯ ಪಕ್ಕದ ಸಂದಿಗೆ ಹೋಗಿ ಎಂದಿತು. ನೀಲಿ ಬಾಗಿಲು ಎಲ್ಲಿಯೂ ಇರಲಿಲ್ಲ. ಆ ಬೀದಿಯಲ್ಲಿ ಎರಡು ಸಲ ಹೋಗಿ ಬಂದೆ, ದನಿ ಮಾತ್ರ ಸಂದಿಯೊಳಗಿನ ಬಾವಿಯ ಕಥೆ ಆರಂಭಿಸಿ ಮುಗಿಸಿಯೂ ಆಯಿತು. ಜಗುಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿಯೇ ಅರ್ಥಮಾಡಿಕೊಂಡು, ನಿಮ್ಮ ಹಾಗೆ ದಿನಾ ಯಾರಾದರೂ ಇಲ್ಲಿ ನಿಂತು ಹುಡುಕುತ್ತಾರೆ, ಆ ಬಾಗಿಲಿಗೆ ಬಣ್ಣ ಬದಲಾಯಿಸಿ ಮೂರು ವರ್ಷವಾಯಿತು ಎಂದು ಹಸಿರು ಬಾಗಿಲೊಂದನ್ನು ತೋರಿಸಿದರು. ಬಣ್ಣ, ಅಂಗಡಿಯ ಹೆಸರು, ಫಲಕ, ಮರ ಇವೆಲ್ಲ ಬದಲಾಗುವ ಗುರುತುಗಳು. ಕಲ್ಲಿನ ಕಮಾನು, ಮೆಟ್ಟಿಲ ಸಾಲು, ಬೀದಿಯ ಇಳಿಜಾರು ಅಷ್ಟು ಬೇಗ ಬದಲಾಗುವುದಿಲ್ಲ. ಮುದ್ರಿಸಿ ಪ್ರಕಟಿಸಿದ ಮೇಲೆ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳದೆ, ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಆ ದಾರಿಯಲ್ಲಿ ನಡೆದು ತಿದ್ದಬೇಕು.

ಉಪಗ್ರಹಗಳ ಸಂಕೇತದಿಂದ ನಾವಿರುವ ಜಾಗವನ್ನು ಗುರುತಿಸುವ ಜಿಪಿಎಸ್ ಇದೆಯಲ್ಲ, ಅದು ತಾನಾಗಿ ಸರಿಯಾದ ಜಾಗದಲ್ಲಿ ಮಾತು ಆರಂಭಿಸುತ್ತದೆ ಎಂದು ಹೇಳುವವರಿದ್ದಾರೆ. 2000ದ ಮೇ ತಿಂಗಳಲ್ಲಿ ಅಮೆರಿಕವು ನಾಗರಿಕ ಬಳಕೆಯ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದ ಮೇಲೆಯೇ ಇದು ಸಾಧ್ಯವಾದದ್ದು, ಅದು ದೊಡ್ಡ ಉಪಕಾರವೇ ಸರಿ. ಆದರೆ ಆ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ, ತೆರೆದ ಬಯಲಿನಲ್ಲಿ ನಿಂತಾಗಲೇ ಮೊಬೈಲ್ ತೋರಿಸುವ ಜಾಗ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಎರಡೂ ಕಡೆ ಎತ್ತರದ ಗೋಡೆಗಳಿರುವ ಇಕ್ಕಟ್ಟಿನ ಓಣಿಯಲ್ಲಿ ಆಕಾಶದ ಒಂದು ಸೀಳು ಮಾತ್ರ ಕಾಣುತ್ತದೆ, ಸಂಕೇತಗಳು ಗೋಡೆಗೆ ಬಡಿದು ಸುತ್ತಿ ಬರುತ್ತವೆ, ತಪ್ಪು ಇನ್ನೂ ಹೆಚ್ಚುತ್ತದೆ. ಓಣಿಯ ಅಗಲವೇ ನಾಲ್ಕು ಮೀಟರ್ ಇದ್ದರೆ ಮೊಬೈಲಿಗೆ ಈ ಮನೆಗೂ ಎದುರು ಮನೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಅಗಲವಾದ ಚೌಕಗಳಲ್ಲಿ ಜಿಪಿಎಸ್ ನೆಚ್ಚಿಕೊಳ್ಳಲಿ; ಓಣಿಗಳಲ್ಲಿ ಒಂದೊಂದು ನಿಲುಗಡೆಗೂ ಸಂಖ್ಯೆ ಕೊಟ್ಟು, ಅದನ್ನು ಒತ್ತಿದಾಗ ಮಾತ್ರ ಮಾತು ಬರುವಂತೆ ಮಾಡಲಿ. ಬಾಸ್ಟನ್ ನಗರದ ಫ್ರೀಡಂ ಟ್ರೇಲ್ ಎಂಬ ದಾರಿಯನ್ನು 1951ರಲ್ಲಿ ಪತ್ರಕರ್ತರೊಬ್ಬರ ಸಲಹೆಯ ಮೇರೆಗೆ ಗುರುತಿಸಿದರು. ಸುಮಾರು 4 ಕಿ.ಮೀ. ಉದ್ದಕ್ಕೂ ಕಾಲಡಿಯಲ್ಲಿ ಕೆಂಪು ಗೆರೆಯೊಂದು ಹೋಗುತ್ತದೆ, 16 ಐತಿಹಾಸಿಕ ತಾಣಗಳನ್ನು ಜೋಡಿಸುತ್ತದೆ. ಗೆರೆಯನ್ನು ಹಿಡಿದು ನಡೆಯುವವರಿಗೆ ಮೊಬೈಲಿನ ಪರದೆ ನೋಡುವ ಅಗತ್ಯವೇ ಬೀಳುವುದಿಲ್ಲ. ಆಡಿಯೊ ಕಿವಿಗೆ, ದಾರಿ ಕಾಲಿಗೆ, ಕಣ್ಣು ಮಾತ್ರ ಪೂರ್ತಿ ಬೀದಿಗೆ ಎಂಬ ಏರ್ಪಾಡು ಇದು.

ಮತ್ತೊಂದು ಸಂಗತಿ ನನ್ನ ಮನಸ್ಸನ್ನು ಕೊರೆಯುತ್ತಿದೆ. ಎಲ್ಲ ಹಳೆಯ ನಗರಭಾಗಗಳಲ್ಲೂ ದೆವ್ವದ ಕಥೆ, ಸುರಂಗದ ಕಥೆ, ಹೂತಿಟ್ಟ ನಿಧಿಯ ಕಥೆಗಳಿರುತ್ತವೆ. ಅವೂ ಬೇಕು, ಜನ ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದವು. ಆದರೆ ಶಾಸನದಲ್ಲಿರುವುದನ್ನೂ ಜನಜನಿತ ಕಥೆಯನ್ನೂ ಒಂದೇ ದನಿಯಲ್ಲಿ, ಒಂದೇ ಖಾತ್ರಿಯಿಂದ ಹೇಳಿದಾಗ ಕೇಳುಗರು ಮೋಸಹೋಗುತ್ತಾರೆ. ಗೈಡ್ ಎದುರಿಗಿದ್ದರೆ, ಇದು ಎಲ್ಲಿ ದಾಖಲಾಗಿದೆ ಎಂದು ಕೇಳಬಹುದು. ಮುದ್ರಿತ ದನಿಯನ್ನು ಪ್ರಶ್ನಿಸುವಂತಿಲ್ಲ. ಆದ್ದರಿಂದಲೇ ಅದರ ಹೊಣೆ ಹೆಚ್ಚು. ಇದು ಇಲ್ಲಿನವರು ಹೇಳುವ ಕಥೆ, ಇದು ಕಲ್ಲಿನ ಮೇಲೆ ಕೆತ್ತಿರುವ ಮಾತು ಎಂದು ಬಿಡಿಸಿ ಹೇಳಲು ನಾಲ್ಕು ಪದ ಸಾಕು.

ನಡೆಯುವವರಿಗೂ ನನ್ನದೊಂದು ಕೋರಿಕೆ ಇದೆ. ಅಲ್ಲಿ ಜನ ಬದುಕುತ್ತಿದ್ದಾರೆ. ವೆನಿಸ್ ನಗರವು 2024ರಲ್ಲಿ ಪ್ರವಾಸಿ ಗುಂಪುಗಳನ್ನು 25 ಜನರಿಗೆ ಮಿತಿಗೊಳಿಸಿ ಗೈಡುಗಳ ಧ್ವನಿವರ್ಧಕಗಳನ್ನು ನಿಷೇಧಿಸಬೇಕಾಗಿ ಬಂತು. ಇಯರ್‌ಫೋನ್ ಹಾಕಿಕೊಂಡ ಒಂಟಿ ನಡಿಗೆಯಿಂದ ಅಂಥ ಸದ್ದಿನ ಉಪದ್ರವವಿಲ್ಲ. ಆದರೆ ಬೇರೊಬ್ಬರ ಬಾಗಿಲೆದುರು ನಿಂತು, ಅವರು ಮಾತಾಡಿಸಿದರೂ ಕೇಳಿಸದೆ, ಅವರ ಮನೆಯನ್ನೇ ದಿಟ್ಟಿಸುವುದು ಇನ್ನೊಂದು ಬಗೆಯ ಅಸಭ್ಯತೆ. ನಾನು ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ರಸ್ತೆ ದಾಟುವಾಗ ಅದನ್ನೂ ತೆಗೆಯುತ್ತೇನೆ. ಯಾರಾದರೂ ಎದುರಾದರೆ ದನಿಯನ್ನು ನಿಲ್ಲಿಸಿ ಅವರ ಮುಖ ನೋಡುತ್ತೇನೆ. ಆ ಅಜ್ಜಿ ಕೂಗಿದ್ದು ನನಗೆ ಕೇಳಿಸಿದ್ದು ಹಾಗೆಯೇ. ಸಂದಿಯೊಳಗಿನ ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟನೇ ಮೆಟ್ಟಿಲಿಗೆ ಬರುತ್ತಿತ್ತೆಂದು ಅವರು ಆಮೇಲೆ ಹೇಳಿದ್ದು ಮುದ್ರಣದಲ್ಲಿ ಎಲ್ಲಿಯೂ ಇರಲಿಲ್ಲ.

ಕಿವಿ ಕೇಳದವರಿಗೆ ಅದೇ ವಿವರಣೆಯ ಬರಹರೂಪ, ಮೆಟ್ಟಿಲು ಹತ್ತಲಾಗದವರಿಗೆ ಸುತ್ತುದಾರಿ, ಕೂರಲು ಎಲ್ಲಿ ಜಾಗವಿದೆ ಎಂಬ ಮಾಹಿತಿ, ನೆಟ್‌ವರ್ಕ್ ಸಿಗದಿದ್ದರೂ ಕೇಳುವಂತೆ ಮೊದಲೇ ಇಳಿಸಿಕೊಳ್ಳುವ ಅನುಕೂಲ, ಇವೆಲ್ಲ ಇರಬೇಕಾದವೇ ಎಂದು ಬೇರೆ ಹೇಳಬೇಕಿಲ್ಲ. ಇವುಗಳ ಜೊತೆಗೆ ತಯಾರಕರು ಒಂದು ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಲಿ ಎಂದು ವಿನಂತಿಸುತ್ತೇನೆ. ಹೊಸ ನಡಿಗೆಯನ್ನು ಸಾರ್ವಜನಿಕರಿಗೆ ಬಿಡುವ ಮೊದಲು, ಆ ಬೀದಿಗಳನ್ನು ಎಂದೂ ಕಾಣದ ಒಬ್ಬರ ಕೈಗೆ ಅದನ್ನು ಕೊಟ್ಟು, ಬರೆದವರು ಹತ್ತು ಹೆಜ್ಜೆ ಹಿಂದೆ ಬಾಯಿ ಬಿಡದೆ ನಡೆಯಲಿ. ಅವರು ಎಲ್ಲಿ ತಲೆಯೆತ್ತಿ ನೋಡಿದರು, ಎಲ್ಲಿ ತಲೆತಗ್ಗಿಸಿ ಮೊಬೈಲ್ ನೋಡಿದರು ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಲಿ, ತಲೆ ತಗ್ಗಿದ ಜಾಗಗಳನ್ನೆಲ್ಲ ಮತ್ತೆ ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ